ಲಂಗದ ಲಾಡಿ ಬಿಗಿಯಾದಾಗ

ಕೇಳುಗರಿಗೆ ನಮಸ್ಕಾರ.

ನಮ್ಮ ರಾಯಚೂರು ಕಡೆ ಹೊಟ್ಟೆ ಉಬ್ಬಿದರೆ ಮೊದಲು ಓಂಕಾಳು, ಆಮೇಲೆ ಸೋಡಾ, ಅದೂ ಆಗದಿದ್ದರೆ ಮೆಡಿಕಲ್ ಶಾಪಿನ ಗ್ಯಾಸ್ ಗುಳಿಗೆ. ತಪ್ಪೇನಿಲ್ಲ, ಬಹಳ ಸಲ ಅದು ಬರೀ ಗ್ಯಾಸೇ. ಆದರೆ ಐವತ್ತರ ಆಸುಪಾಸಿನ ಹೆಂಗಸಿಗೆ ಹೊಸದಾಗಿ ಶುರುವಾದ ಉಬ್ಬರ ಎರಡು ಮೂರು ವಾರವಾದರೂ ಇಳಿಯದಿದ್ದರೆ ಗುಳಿಗೆ ಬದಲಿಸುತ್ತಾ ಕೂರಬೇಡಿ. ಅದು ಅಂಡಾಶಯದ ಕ್ಯಾನ್ಸರ್ ಇರಬಹುದು.

ಜಗತ್ತಿನ ಕ್ಯಾನ್ಸರ್ ಲೆಕ್ಕ ಇಡುವ ಗ್ಲೋಬೊಕ್ಯಾನ್‌ನ 2022ರ ಅಂದಾಜಿನ ಪ್ರಕಾರ ಆ ಒಂದೇ ವರ್ಷ ಭಾರತದಲ್ಲಿ 47 ಸಾವಿರಕ್ಕೂ ಹೆಚ್ಚು ಹೆಂಗಸರಿಗೆ ಈ ಕಾಯಿಲೆ ಬಂತು. ಸುಮಾರು 33 ಸಾವಿರ ಜನ ತೀರಿಕೊಂಡರು. ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರ್ ಬಿಟ್ಟರೆ ನಮ್ಮ ಹೆಂಗಸರಲ್ಲಿ ಇದೇ ಜಾಸ್ತಿ.

ಇಷ್ಟೊಂದು ಸಾವು ಯಾಕೆ? ಅಂಡಾಶಯ ಬಾದಾಮಿಯಷ್ಟು ದೊಡ್ಡದು, ಕಿಬ್ಬೊಟ್ಟೆಯ ಆಳದಲ್ಲಿರುತ್ತದೆ. ಅಲ್ಲಿ ಗಡ್ಡೆ ಬೆಳೆದರೂ ಬೇಗ ನೋಯುವುದಿಲ್ಲ. ಹೆಚ್ಚಿನವರು ಆಸ್ಪತ್ರೆಗೆ ಬರುವಾಗ ಕಾಯಿಲೆ ಮೂರನೇ ಹಂತ ಮುಟ್ಟಿ, ಹೊಟ್ಟೆಯೊಳಗೆಲ್ಲ ಹರಡಿರುತ್ತದೆ. ಗರ್ಭಕಂಠಕ್ಕೆ ಮಾಡುವ ಪ್ಯಾಪ್ ಪರೀಕ್ಷೆಯಲ್ಲಿ ಇದು ಸಿಗುವುದಿಲ್ಲ. ಆರಾಮಾಗಿರುವವರನ್ನು ಸುಮ್ನೆ ತಪಾಸಣೆ ಮಾಡಿ ಹಿಡಿಯುವ ದಾರಿಯೂ ಇನ್ನೂ ಇಲ್ಲ.

ಹಾಗಾಗಿ ಗುರುತು ಹಿಡಿಯಬೇಕಾದವರು ನೀವೇ. ತೋಳು ಸೊರಗಿ ಕುಪ್ಪಸ ಸಡಿಲವಾಗಿದೆ, ಆದರೆ ಲಂಗದ ಲಾಡಿ ಗಂಟು ಹಾಕಲು ಸಾಲುತ್ತಿಲ್ಲ. ಇದನ್ನು ಕಂಡವರು 'ವಯಸ್ಸಾಯಿತಲ್ವಾ, ಮೈ ಬಂದಿದೆ' ಅಂದುಬಿಡುತ್ತಾರೆ. ಮೈ ಬಂದರೆ ತೋಳಿಗೂ ಬರಬೇಕಲ್ಲ! ಹೊಟ್ಟೆಯಲ್ಲಿ ನೀರು ತುಂಬಿದರೆ ಹೀಗಾಗುತ್ತದೆ. ಅರ್ಧ ರೊಟ್ಟಿಗೇ ಹೊಟ್ಟೆ ತುಂಬುವುದು, ಪದೇ ಪದೇ ಮೂತ್ರಕ್ಕೆ ಹೋಗುವುದು, ಕಿಬ್ಬೊಟ್ಟೆ ನೋವು, ಇವೂ ಅದರ ಜೊತೆಗಾರರು.

ಡಾಕ್ಟರ ಹತ್ತಿರ ಹೋದಾಗ ಗ್ಯಾಸ್ ಅಂತ ಹೇಳಿ ಮುಗಿಸಬೇಡಿ. ಎಷ್ಟು ದಿನದಿಂದ ಅಂತ ಹೇಳಿ, ಸ್ಕ್ಯಾನಿಂಗ್ ಬೇಕಾ ಅಂತ ನೀವೇ ಕೇಳಿ. ಸಿಎ 125 ಅನ್ನುವ ರಕ್ತಪರೀಕ್ಷೆಯನ್ನೂ ಬರೆದುಕೊಡಬಹುದು. ಈ ಕ್ಯಾನ್ಸರ್ ಇದ್ದರೆ ಅದರ ಅಂಕಿ ಸಾಮಾನ್ಯವಾಗಿ ಏರುತ್ತದೆ. ಆದರೆ ಅದು ಜಾಸ್ತಿ ಬಂತೆಂದು ಮನೆಯವರೆಲ್ಲ ಅಳುತ್ತಾ ಕೂರಬೇಕಿಲ್ಲ. ಹೊಟ್ಟೆಯ ಟಿ.ಬಿ.ಯಲ್ಲೂ ನೀರು ತುಂಬುತ್ತದೆ, ಈ ಅಂಕಿಯೂ ಏರುತ್ತದೆ. ಟಿ.ಬಿ. ಮಾತ್ರೆಯಲ್ಲೇ ವಾಸಿಯಾಗುವ ಕಾಯಿಲೆ.

ಕ್ಯಾನ್ಸರ್ ಅಂತಲೇ ಆದರೆ ಆಪರೇಷನ್ ಮತ್ತು ಕಿಮೋ ಎರಡೂ ಬೇಕಾಗುವುದೇ ಹೆಚ್ಚು. ಆಪರೇಷನ್ ಕ್ಯಾನ್ಸರ್ ಸರ್ಜನ್ ಕೈಯಲ್ಲೇ ಆಗಲಿ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಂಥ ಕಡೆ ಹೋಗಬೇಕಾದರೆ ರೆಫರಲ್ ಚೀಟಿ, ಬಿಪಿಎಲ್ ಕಾರ್ಡು, ಆಧಾರ್ ಜೊತೆಗಿರಲಿ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ.

ಇನ್ನೊಂದು ಮಾತು. ಮನೆತನದಲ್ಲಿ ಯಾರಿಗಾದರೂ ಇತ್ತಾ ಅಂತ ಡಾಕ್ಟರು ಕೇಳಿದರೆ ನಾವು ಅವ್ವ, ಚಿಕ್ಕಮ್ಮ ಅಂತ ಅವ್ವನ ಕಡೆಯ ಹೆಂಗಸರನ್ನಷ್ಟೇ ಲೆಕ್ಕ ಹಾಕುತ್ತೇವೆ. ಅಂಡಾಶಯ ಮತ್ತು ಸ್ತನದ ಕ್ಯಾನ್ಸರಿನ ಅಪಾಯ ಹೆಚ್ಚಿಸುವ ಬಿಆರ್‌ಸಿಎ ಜೀನಿನ ದೋಷ ಅಪ್ಪನ ಕಡೆಯಿಂದಲೂ ಬರುತ್ತದೆ. ಸೋದರತ್ತೆಗೆ ಸ್ತನದ ಕ್ಯಾನ್ಸರ್ ಆಗಿತ್ತು ಅಂದರೆ ಅದನ್ನೂ ಹೇಳಿ.