ಫ್ರಾನ್ಸ್ ನೋಡಬೇಕಾ? ಬ್ರೆಡ್ ಅಂಗಡಿ ಮುಂದೆ ಸಾಲಿನಲ್ಲಿ ನಿಲ್ಲಿ

ನಮಸ್ಕಾರ. ಫ್ರಾನ್ಸಿಗೆ ಹೊರಟವರೆಲ್ಲ ನನ್ನನ್ನು ಕೇಳುವುದು ಒಂದೇ ಪ್ರಶ್ನೆ: "ಅಲ್ಲಿ ಏನೇನು ನೋಡಬೇಕು?" ನಾನು ಹೇಳುತ್ತೇನೆ, ಮೊದಲು ಬೆಳಿಗ್ಗೆ ಎದ್ದು ಹತ್ತಿರದ ಬ್ರೆಡ್ ಅಂಗಡಿಗೆ ಹೋಗಿ. ಐಫೆಲ್ ಗೋಪುರ ಎಲ್ಲೂ ಓಡಿಹೋಗುವುದಿಲ್ಲ, ಆಮೇಲೆ ನೋಡಿದರಾಯಿತು.

ನನಗೆ ತುಂಬಾ ಇಷ್ಟವಾದ ಊರು ಲಿಯೋನ್. ರೋನ್, ಸೋನ್ ಎರಡೂ ನದಿ ಕೂಡುವ ಜಾಗ. ಅಲ್ಲಿ ಕ್ರ್ವಾ ರೂಸ್ ಅಂತ ಒಂದು ಗುಡ್ಡ ಇದೆ, ಹಿಂದೆ ರೇಷ್ಮೆ ನೇಕಾರರ ಕೇರಿ. ಆ ಕಡೆಯ ಅಂಗಡಿಗಳಿಗೆ ಹೋಗಿ ನೋಡಿ. ಒಳಗೆ ಕಾಲಿಟ್ಟ ಕೂಡಲೇ "ಬೋಂಜೂರ್", ಅಂದರೆ ನಮಸ್ಕಾರ, ಅನ್ನಬೇಕು. ಅದನ್ನು ಬಿಟ್ಟು ನೇರವಾಗಿ "ಅದು ಕೊಡಿ" ಅಂದರೆ ಎದುರಿಗಿದ್ದವರ ಮುಖ ಗಂಟಾಗುತ್ತದೆ. ಫ್ರೆಂಚರಿಗೆ ಜಂಬ ಜಾಸ್ತಿ ಅಂತ ದೂರುವ ಎಷ್ಟೋ ಜನ ಈ ಒಂದು ಮಾತು ಹೇಳದೆ ಬಂದವರೇ ಇರಬೇಕು ಅಂತ ನನಗೆ ಅನಿಸುತ್ತದೆ.

ಸಾಲಿನಲ್ಲಿ ಮುಂದಿರುವ ಅಜ್ಜಿಗೆ ಮೆತ್ತಗೆ ಬೆಂದ ಬ್ಯಾಗೆಟ್ (ಕೋಲಿನ ಹಾಗೆ ಉದ್ದನೆಯ ಬ್ರೆಡ್) ಬೇಕು. ಅವರ ಹಿಂದಿನವರಿಗೆ ಚೆನ್ನಾಗಿ ಕೆಂಪಾದದ್ದೇ ಆಗಬೇಕು. ಮಾರುವವರು ಬೇಸರ ಮಾಡಿಕೊಳ್ಳದೆ ಹುಡುಕಿ ತೆಗೆದು, ನಡುವಿಗೆ ಒಂದು ಚೂರು ಕಾಗದ ಸುತ್ತಿ ಕೊಡುತ್ತಾರೆ. ಕಾಗದದೊಳಗಿಂದ ಬಿಸಿ ಕೈಗೆ ತಾಗುತ್ತದೆ. ಮನೆ ಮುಟ್ಟುವ ತನಕ ತಡೆಯುವವರು ಕಡಿಮೆ. ದಾರಿಯಲ್ಲೇ ತುದಿ ಮುರಿದು ಬಾಯಿಗೆ ಹಾಕಿಕೊಳ್ಳುತ್ತಾರೆ, ಮಕ್ಕಳೂ, ಕೋಟು ಹಾಕಿಕೊಂಡ ದೊಡ್ಡವರೂ.

ಇದೆಲ್ಲ ಸುಮ್ನೆ ಉಳಿದುಕೊಂಡು ಬಂದದ್ದಲ್ಲ. 1993ರಲ್ಲಿ ಸರ್ಕಾರ ಒಂದು ಆದೇಶವನ್ನೇ ಹೊರಡಿಸಿತು. 'ಸಾಂಪ್ರದಾಯಿಕ ಫ್ರೆಂಚ್ ಬ್ರೆಡ್' ಅಂತ ಮಾರಬೇಕಾದರೆ ಹಿಟ್ಟನ್ನು ಫ್ರೀಜ್ ಮಾಡುವ ಹಾಗಿಲ್ಲ, ರಾಸಾಯನಿಕ ಬೆರೆಸುವ ಹಾಗಿಲ್ಲ. 1998ರಲ್ಲಿ ಇನ್ನೊಂದು ಕಾನೂನು ಬಂತು. ಹಿಟ್ಟು ನಾದಿ, ಅದೇ ಜಾಗದಲ್ಲಿ ಬೇಯಿಸಿ ಮಾರುವವರು ಮಾತ್ರ ಅಂಗಡಿಗೆ 'ಬುಲಾಂಜರಿ' ಅಂತ ಬೋರ್ಡು ಹಾಕಬಹುದು. 2022ರಲ್ಲಿ ಯುನೆಸ್ಕೋ ಕೂಡ ಬ್ಯಾಗೆಟ್ ಮಾಡುವ ಕಸುಬನ್ನು ತನ್ನ ಪಟ್ಟಿಗೆ ಸೇರಿಸಿತು. ದಿನಾ ತಿನ್ನುವ ಬ್ರೆಡ್ಡಿಗೆ ಒಂದು ದೇಶ ಇಷ್ಟು ತಲೆ ಕೆಡಿಸಿಕೊಂಡಿದೆ. ನನಗೆ ಆ ದೇಶದ ಮೇಲೆ ಪ್ರೀತಿ ಹುಟ್ಟಿದ್ದು ಇದಕ್ಕೇ.

ಊಟದ ವಿಷಯ ನೋಡಿ. ಕೆಲಸ ಮಾಡುವ ಜಾಗದಲ್ಲೇ ಕೂತು ಊಟ ಮಾಡುವುದಕ್ಕೆ ಅಲ್ಲಿನ ಕಾರ್ಮಿಕ ನಿಯಮದಲ್ಲಿ ಅವಕಾಶವಿಲ್ಲ. ಕೋವಿಡ್ ಕಾಲದಲ್ಲಿ, 2021ರ ಫೆಬ್ರವರಿಯಲ್ಲಿ, ಮೇಜಿನ ಮುಂದೆಯೇ ತಿನ್ನಲು ಬಿಡಬೇಕಾಗಿ ಬಂದಾಗ ಸರ್ಕಾರ ಅದಕ್ಕಂತಲೇ ತಾತ್ಕಾಲಿಕ ಆದೇಶ ತರಬೇಕಾಯಿತು! ಸಣ್ಣ ಊರುಗಳಲ್ಲಿ ಮಧ್ಯಾಹ್ನ ಹನ್ನೆರಡರಿಂದ ಎರಡರವರೆಗೆ ಎಷ್ಟೋ ಅಂಗಡಿಗಳ ಬಾಗಿಲು ಹಾಕಿರುತ್ತದೆ. ನಮ್ಮವರಿಗೆ ಇದು ಕಿರಿಕಿರಿ. ಆದರೆ ಅಂಗಡಿಯವರಿಗೂ ಹಸಿವಾಗುತ್ತದೆ, ಅಲ್ವಾ?

ಸೋಮವಾರ ಬಿಟ್ಟು ಉಳಿದೆಲ್ಲ ದಿನ ಕ್ರ್ವಾ ರೂಸ್‌ನಲ್ಲಿ ಬೆಳಗಿನ ಸಂತೆ ಇರುತ್ತದೆ. ಕರಬೂಜ ಕೇಳಿದರೆ ಕೊಡುವ ಮೊದಲು ಒಂದು ಪ್ರಶ್ನೆ ಬರುತ್ತದೆ: "ಇವತ್ತಿಗೋ, ನಾಳೆಗೋ?" ಇವತ್ತಿಗಾದರೆ ಒಂದೊಂದೇ ಹಣ್ಣು ಎತ್ತಿ ತೂಗಿ, ತೊಟ್ಟಿನ ಹತ್ತಿರ ಮೂಸಿ, ಸರಿಯಾಗಿ ಮಾಗಿದ್ದನ್ನೇ ಆರಿಸಿ ಕೊಡುತ್ತಾರೆ. ಚೀಸ್ ಕೊಳ್ಳುವಾಗಲೂ ಇದೇ ಪ್ರಶ್ನೆ. (ಸಸ್ಯಾಹಾರಿಗಳಿಗೆ ಒಂದು ಮಾತು: ಕೋಂತೆಯಂಥ ಹಳೆಯ ಬಗೆಯ ಚೀಸ್‌ಗಳಿಗೆ ಹಾಲು ಹೆಪ್ಪುಗಟ್ಟಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ, ಕೇಳಿ ತಗೊಳ್ಳಿ.) ಕೊಂಡದ್ದನ್ನು ನೀವು ಯಾವಾಗ ತಿನ್ನುತ್ತೀರಿ ಅನ್ನುವುದು ಮಾರುವವರಿಗೂ ಮುಖ್ಯ.

ಬ್ರೆಡ್ ಅಂಗಡಿಗಳ ಹಾಗೆ ಪುಸ್ತಕದಂಗಡಿಗಳಿಗೂ ಕಾನೂನಿನ ಆಸರೆ ಇದೆ. 1981ರ ಕಾನೂನಿನ ಪ್ರಕಾರ ಹೊಸ ಪುಸ್ತಕದ ಬೆಲೆ ಎಲ್ಲ ಕಡೆ ಒಂದೇ, ಶೇಕಡಾ 5ಕ್ಕಿಂತ ಜಾಸ್ತಿ ರಿಯಾಯಿತಿ ಕೊಡುವಂತಿಲ್ಲ. ದೊಡ್ಡ ಕಂಪನಿಗಳು ಬೆಲೆ ಇಳಿಸಿ ಮೂಲೆಯಂಗಡಿಯ ಹೊಟ್ಟೆ ಮೇಲೆ ಹೊಡೆಯುವುದು ಅಲ್ಲಿ ಕಷ್ಟ.

"ಶ್ರೀಮಂತ ದೇಶ, ಅವರಿಗೇನು ಬಿಡಿ" ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅಲ್ಲಿನ ಕಾರ್ಮಿಕರಿಗೆ ಮೊದಲ ಸಲ ಎರಡು ವಾರ ಸಂಬಳದ ರಜೆ ಸಿಕ್ಕಿದ್ದು 1936ರಲ್ಲಿ, ದೇಶದ ತುಂಬಾ ಕಾರ್ಖಾನೆಗಳಲ್ಲಿ ಮುಷ್ಕರ ನಡೆದ ಮೇಲೆ. ಅದು ಐದು ವಾರ ಆಗಲು 1982ರ ತನಕ ಕಾಯಬೇಕಾಯಿತು. ಸಂಜೆ ನದಿ ದಂಡೆಯಲ್ಲಿ ಆರಾಮಾಗಿ ಕೂತವರನ್ನು ಕಂಡು ಸೋಮಾರಿಗಳು ಅಂದುಕೊಳ್ಳಬೇಡಿ. ಆ ಸಂಜೆಗಾಗಿ ಅವರ ಹಿರಿಯರು ಬೀದಿಗಿಳಿದಿದ್ದರು.

ಇಷ್ಟಾದರೂ ಎಲ್ಲವೂ ಭದ್ರವಾಗಿಲ್ಲ. ಎಷ್ಟೋ ಹಳ್ಳಿಗಳಲ್ಲಿ ಬ್ರೆಡ್ ಅಂಗಡಿ ಮುಚ್ಚಿದೆ. ಕೆಲವು ಕಡೆ ಈಗ ನಾಣ್ಯ ಹಾಕಿದರೆ ಬ್ಯಾಗೆಟ್ ಕೊಡುವ ಮಷೀನು ನಿಂತಿದೆ. ಅದಕ್ಕೆ ಬೋಂಜೂರ್ ಹೇಳುವವರಿಲ್ಲ. ಇದು ನನಗೆ ನಿಜವಾಗಿ ನೋವು ಕೊಡುವ ಸಂಗತಿ. ಹಾಗಾಗಿ ನೀವು ಹೋದಾಗ ಸೂಪರ್‌ಮಾರ್ಕೆಟ್ಟಿನ ಪ್ಯಾಕೆಟ್ ಬ್ರೆಡ್ ಬಿಡಿ. ಒಂದೇ ಊರಲ್ಲಿ ನಾಲ್ಕು ದಿನ ಇರಿ. ದಿನಾ ಅದೇ ಅಂಗಡಿಗೆ ಹೋಗಿ, ಒಂದು 'ತ್ರಾದಿಸಿಯೋಂ', ಅಂದರೆ ಆ ಸಾಂಪ್ರದಾಯಿಕ ಬ್ಯಾಗೆಟ್, ಕೇಳಿ ತಗೊಳ್ಳಿ.