ಗಾಜಿಲ್ಲದ ಬಳೆಗೆ ದುಬಾರಿ ಬೆಲೆ ಬೇಡ

ಸ್ನೇಹಿತರೇ, ನಮಸ್ಕಾರ.

ಮಳೆ ಹಿಡಿದರೆ ಮಲೆನಾಡಿನಲ್ಲಿ ಮ್ಯಾಕ್ರೋ, ಅಂದರೆ ಪುಟ್ಟದ್ದನ್ನು ತೀರಾ ಹತ್ತಿರದಿಂದ ದೊಡ್ಡದಾಗಿ ತೋರಿಸುವ ಫೋಟೋ, ತೆಗೆಯುವವರಿಗೆ ಹಬ್ಬ. ಕಪ್ಪೆ, ಜೇಡ, ಅಣಬೆ, ಎಲೆಯಡಿಯ ಮೊಟ್ಟೆ ಎಲ್ಲವೂ ಹಿತ್ತಲಲ್ಲೇ ಸಿಗುತ್ತವೆ. ಆದರೆ ಮ್ಯಾಕ್ರೋ ಲೆನ್ಸಿಗೆ ಹತ್ತಾರು ಸಾವಿರ ಬೇಕು. ಕ್ಯಾಮೆರಾ ಜೊತೆಗೇ ಬರುವ 18–55 ಎಂಎಂ ಕಿಟ್ ಲೆನ್ಸೋ 50 ಎಂಎಂ ಲೆನ್ಸೋ ಇರುವವರು ಎಲ್ಲಿ ಉಳಿಸಬಹುದು, ಎಲ್ಲಿ ಉಳಿಸಬಾರದು ಎಂಬುದಷ್ಟೇ ಇವತ್ತಿನ ಮಾತು. ಬೆಳಕು ಹಾಯುವ ಗಾಜು, ಕರೆಂಟು ಹರಿಯುವ ಬ್ಯಾಟರಿ, ಚಿತ್ರ ಉಳಿಯುವ ಕಾರ್ಡು, ಈ ಮೂರರಲ್ಲಿ ಹೆಸರಿಲ್ಲದ ಮಾಲು ಬೇಡ. ಉಳಿದದ್ದರಲ್ಲಿ ಧೈರ್ಯವಾಗಿ ಅಗ್ಗದ್ದನ್ನೇ ಕೊಳ್ಳಿ.

ಮೊದಲು ಎಕ್ಸ್‌ಟೆನ್ಷನ್ ಟ್ಯೂಬ್. ಕ್ಯಾಮೆರಾಕ್ಕೂ ಲೆನ್ಸಿಗೂ ನಡುವೆ ಕೂರುವ ಟೊಳ್ಳು ಬಳೆ ಇದು. ಒಳಗೆ ಗಾಳಿ ಬಿಟ್ಟರೆ ಏನೂ ಇಲ್ಲ, ಹಾಗಾಗಿ ದುಬಾರಿಯದು ಕೊಂಡರೆ ಚಿತ್ರ ಹೆಚ್ಚು ಚುರುಕಾಗುವುದಿಲ್ಲ. ಟ್ಯೂಬಿನ ಉದ್ದವನ್ನು ಲೆನ್ಸಿನ ಫೋಕಲ್ ಲೆಂತ್‌ನಿಂದ (ಲೆನ್ಸಿನ ಮೇಲೆ ಬರೆದ ಎಂಎಂ ಅಂಕಿ) ಭಾಗಿಸಿ; ಅಷ್ಟು ಮ್ಯಾಗ್ನಿಫಿಕೇಶನ್ (ಸೆನ್ಸರ್ ಮೇಲೆ ವಸ್ತು ಮೂಡುವ ಗಾತ್ರ, 1 ಅಂದರೆ ನಿಜಗಾತ್ರ) ಹೆಚ್ಚುತ್ತದೆ. ಕ್ಯಾನನ್ 50 ಎಂಎಂ ಎಫ್/1.8 ಎಸ್‌ಟಿಎಂ ತಾನಾಗಿ ಕೊಡುವುದು 0.21. ಅದಕ್ಕೆ 31 ಎಂಎಂ ಟ್ಯೂಬ್ ಹಾಕಿದರೆ 0.62 ಸೇರಿ ಸುಮಾರು 0.83 ಆಗುತ್ತದೆ, ನಿಜಗಾತ್ರಕ್ಕೆ ಹತ್ತಿರ. ಅದೇ ಟ್ಯೂಬನ್ನು 250 ಎಂಎಂ ಜೂಮಿಗೆ ಹಾಕಿದರೆ ಹೆಚ್ಚುವುದು 0.12 ಮಾತ್ರ, ದುಡ್ಡು ದಂಡ. ಉದ್ದ ಜೂಮ್ ಇರುವವರು ಲೆನ್ಸಿನ ಮುಂದೆ ಕೂರುವ, ರೇನಾಕ್ಸ್ ಡಿಸಿಆರ್-250ಯಂಥ ಕ್ಲೋಸ್‌ಅಪ್ ಲೆನ್ಸ್ ನೋಡಿ. ಇನ್ನು ಕಿಟ್ ಲೆನ್ಸಿನ 18 ಎಂಎಂ ತುದಿಯಲ್ಲಿ 31 ಎಂಎಂ ಟ್ಯೂಬ್ ಹಾಕಿದರೆ ಫೋಕಸ್ ಲೆನ್ಸಿನ ಗಾಜಿನೊಳಗೇ ಬೀಳುತ್ತದೆ. 55ಕ್ಕೆ ತಿರುಗಿಸಿಕೊಂಡು ಬಳಸಿ.

ತೀರಾ ಅಗ್ಗದ, ಬರೀ ಲೋಹದ ಟ್ಯೂಬ್‌ಗಳಲ್ಲಿ ವಿದ್ಯುತ್ ಸಂಪರ್ಕದ ಪಿನ್ ಇರುವುದಿಲ್ಲ. ಆಗ ಕ್ಯಾನನ್ ಲೆನ್ಸಿನ ಅಪರ್ಚರ್ (ಬೆಳಕು ಬಿಡುವ ಕಿಂಡಿ) ಪೂರ್ತಿ ತೆರೆದೇ ಇದ್ದು, ಫೋಕಸ್ ಕೂದಲೆಳೆಯಷ್ಟು ಆಳಕ್ಕೆ ಮಾತ್ರ ಸಿಗುತ್ತದೆ. ಇರುವೆಯ ಕಣ್ಣು ಫೋಕಸ್‌ನಲ್ಲಿದ್ದರೆ ಮೀಸೆ ಮಸುಕು. ನಿಕಾನ್‌ನ ಜಿ ಲೆನ್ಸ್ (ಅಪರ್ಚರ್ ರಿಂಗ್ ಇಲ್ಲದ್ದು) ಇದಕ್ಕೆ ತದ್ವಿರುದ್ಧ, ಕಿಂಡಿ ಆದಷ್ಟೂ ಕಿರಿದಾಗಿ ವ್ಯೂಫೈಂಡರ್ ಕತ್ತಲಾಗುತ್ತದೆ. ಮೋಟಾರಿನಿಂದಲೇ ಫೋಕಸ್ ಆಗುವ ಎಸ್‌ಟಿಎಂ ಲೆನ್ಸಿನಲ್ಲಂತೂ ಕರೆಂಟು ಸಿಗದೆ ಫೋಕಸ್ ರಿಂಗೂ ಕೆಲಸ ಮಾಡುವುದಿಲ್ಲ. ಆದ್ದರಿಂದ ಸ್ವಲ್ಪ ಹೆಚ್ಚು ಕೊಟ್ಟು ಪಿನ್ ಇರುವ ಸೆಟ್ ಕೊಳ್ಳಿ. ಲೆನ್ಸ್ ಕೂರುವ ಬಾಯಿ ಲೋಹದ್ದಾಗಿರಲಿ. ಅಂಗಡಿಯಲ್ಲೇ ಟ್ಯೂಬನ್ನು ಬೆಳಕಿಗೆ ಹಿಡಿದು ಒಳಗೋಡೆ ನೋಡಿ: ಹೊಳೆಯುತ್ತಿದ್ದರೆ ಬೆಳಕು ಅಲ್ಲಿ ಬಡಿದು ಚಿತ್ರದ ನಡುವೆ ಬಿಳಿಚಿಕೊಂಡ ಮಬ್ಬು ಬರುತ್ತದೆ. ಕಪ್ಪು ವೆಲ್ವೆಟ್ ಕಾಗದ ಅಂಟಿಸಿದರೆ ಅದೂ ಸರಿಹೋಗುತ್ತದೆ.

ಟ್ಯೂಬ್ ಬಂದ ಮೇಲೆ ಬೆಳಕು ಸಾಲದಾಗುತ್ತದೆ. 0.83ರಲ್ಲಿ ನೀವು ಇಟ್ಟ ಎಫ್/8 (ಅಪರ್ಚರ್ ಅಳತೆ, ಅಂಕಿ ಹೆಚ್ಚಿದಷ್ಟೂ ಬೆಳಕು ಕಡಿಮೆ), ಲೆಕ್ಕಕ್ಕೆ ಎಫ್/14ರಷ್ಟು ಕತ್ತಲು. ಆದ್ದರಿಂದ ಎರಡನೆಯ ಖರೀದಿ ಮ್ಯಾನುಯಲ್ ಫ್ಲ್ಯಾಶ್. ಟಿಟಿಎಲ್‌ಗೆ (ಕ್ಯಾಮೆರಾವೇ ಫ್ಲ್ಯಾಶ್ ಬೆಳಕು ಅಳೆದು ಹೊಂದಿಸುವ ಸೌಲಭ್ಯ) ಹೆಚ್ಚುವರಿ ಹಣ ಕೊಡಬೇಕಿಲ್ಲ, ದೂರ ಬದಲಾಗದ ಕೆಲಸ ಇದು. ಕೊಳ್ಳುವ ಮುಂಚೆ ಕ್ಯಾಮೆರಾದ ಹಾಟ್‌ಶೂ (ಮೇಲೆ ಫ್ಲ್ಯಾಶ್ ಕೂರಿಸುವ ಜಾಗ) ನಡುವೆ ಗುಂಡನೆಯ ಪಿನ್ ಇದೆಯೇ ನೋಡಿ. ಕ್ಯಾನನ್ 200ಡಿ ಮಾರ್ಕ್ 2ರಲ್ಲಿ ಅದಿಲ್ಲ, ಮಾಮೂಲಿ ಮ್ಯಾನುಯಲ್ ಫ್ಲ್ಯಾಶ್ ಅದರ ಮೇಲೆ ಬೆಳಗುವುದಿಲ್ಲ. ಶುರುವಿಗೆ 1/200 ಸೆಕೆಂಡ್, ಎಫ್/8, ಐಎಸ್‌ಒ 200, ಫ್ಲ್ಯಾಶ್ ಶಕ್ತಿ 1/16 ಇಟ್ಟು ಅಲ್ಲಿಂದ ಹೆಚ್ಚುಕಡಿಮೆ ಮಾಡಿಕೊಳ್ಳಿ. ಬೆಳಕನ್ನು ಮೆದುವಾಗಿ ಹರಡುವ ಡಿಫ್ಯೂಸರ್ ಕೊಳ್ಳುವುದೇ ಬೇಡ. ಟಿವಿ ಪ್ಯಾಕಿಂಗ್‌ನಲ್ಲಿ ಬರುವ ತೆಳು ಬಿಳಿ ಫೋಮ್ ಎರಡು ಪದರ ಸಾಕು. ಅದು ಲೆನ್ಸಿನ ತುದಿಯ ಮೇಲೆ ಬಾಗಿ ಹುಳುವಿನ ಹತ್ತಿರಕ್ಕೆ ಬರಬೇಕು. ಫ್ಲ್ಯಾಶ್ ತಲೆಗೇ ಅಂಟಿಕೊಂಡಿದ್ದರೆ ಕಪ್ಪೆಯ ಒದ್ದೆ ಮೈಮೇಲೆ ಕಣ್ಣು ಕುಕ್ಕುವ ಬಿಳಿ ಚುಕ್ಕೆ ಬೀಳುತ್ತದೆ.

ಕಾರ್ಡಿನ ಮೇಲೆ ದೊಡ್ಡದಾಗಿ ಬರೆದ ವೇಗ ಸಾಮಾನ್ಯವಾಗಿ ಓದುವ ವೇಗ. ಬರೆಯುವ ವೇಗಕ್ಕೆ ವಿ30 ಗುರುತು ನೋಡಿ, ಕನಿಷ್ಠ ಸೆಕೆಂಡಿಗೆ 30 ಎಂಬಿ ಎಂದರ್ಥ. ತಂದ ದಿನವೇ ಎಚ್2ಟೆಸ್ಟ್‌ಡಬ್ಲ್ಯೂ ತಂತ್ರಾಂಶದಿಂದ ಪೂರ್ತಿ ತುಂಬಿಸಿ ಪರೀಕ್ಷಿಸಿ, ನಕಲಿ ಕಾರ್ಡು ಅಲ್ಲೇ ಸಿಕ್ಕಿಬೀಳುತ್ತದೆ. ಬ್ಯಾಟರಿಯೂ ಅಷ್ಟೇ: ಕ್ಯಾನನ್‌ನ ಅಸಲಿ ಎಲ್‌ಪಿ-ಇ10 ಇರುವುದು 860 ಎಂಎಎಚ್. ಅದೇ ಗಾತ್ರದ್ದರ ಮೇಲೆ 1,500 ಎಂದು ಬರೆದಿದ್ದರೆ ಮುಟ್ಟಬೇಡಿ.

ಕೊನೆಯದು ಶೇಖರಣೆ, ನಮ್ಮ ಕಡೆ ಇದೇ ಮುಖ್ಯ. ಲೆನ್ಸಿಗೆ ಫಂಗಸ್ ಹಿಡಿಯುವುದು ಬ್ಯಾಗಿನಲ್ಲೇ, ಯಾಕೆಂದರೆ ಅದರ ಮೆತ್ತೆ ತೇವ ಹೀರಿ ಹಿಡಿದುಕೊಳ್ಳುತ್ತದೆ. ರಬ್ಬರ್ ಅಂಚಿನ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ತೇವ ಹೀರುವ ಸಿಲಿಕಾ ಜೆಲ್ ಕಾಲು ಕಿಲೋ, ಗಾಳಿಯ ತೇವ ಅಳೆಯುವ ಒಂದು ಪುಟ್ಟ ಹೈಗ್ರೋಮೀಟರ್ ಇದ್ದರೆ ಆಯಿತು. ಅಕ್ಕಿ ಹಾಕಬೇಡಿ, ಅದರ ಹುಡಿ ಲೆನ್ಸಿಗೆ ಕೂರುತ್ತದೆ.

ಅಗ್ಗದ ಹೈಗ್ರೋಮೀಟರ್‌ ತಪ್ಪು ತೋರಿಸುವುದುಂಟು, ಹಾಗಾಗಿ ಹೀಗೆ ಪರೀಕ್ಷಿಸಿ. ಬಾಟಲಿ ಮುಚ್ಚಳಕ್ಕೆ ಅಡುಗೆ ಉಪ್ಪು ತುಂಬಿ, ಕರಗಿ ನೀರಾಗದಂತೆ ಒದ್ದೆ ಮಾಡಿ. ಮೀಟರಿನ ಜೊತೆ ಜಿಪ್ ಕವರಿನಲ್ಲಿಟ್ಟು ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಶೇ 75 ತೋರಿಸಬೇಕು. 69 ತೋರಿಸಿದರೆ ಮುಂದೆ ಯಾವಾಗಲೂ 6 ಕೂಡಿಸಿ ಓದಿ. ಡಬ್ಬಿಯೊಳಗೆ ಶೇ 40ರಿಂದ 50 ಇರಲಿ. 55 ದಾಟಿದರೆ, ಅಥವಾ ಕಿತ್ತಳೆ ಬಣ್ಣದ ಜೆಲ್ ಹಸಿರಾದರೆ, ಓವನ್‌ನಲ್ಲಿ 110–120 ಡಿಗ್ರಿಗೆ ಎರಡು ಗಂಟೆ ಒಣಗಿಸಿ, ಮುಚ್ಚಿದ ಬಾಟಲಿಯಲ್ಲಿ ತಣ್ಣಗಾಗಲು ಬಿಟ್ಟು, ಆಮೇಲೆ ಡಬ್ಬಿಗೆ ಹಾಕಿ.