ಶಬಲ, ದ್ವೀಪಿ, ಪಾಂಡನ್: ಮಚ್ಚೆ ಮೈಯ ಹೆಸರುಗಳು

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ಚಿಕ್ಕವನಿದ್ದಾಗ ಕಾಸರಗೋಡಿನ ನಮ್ಮ ಮನೆಯಲ್ಲಿ ಒಂದು ನಾಯಿ ಇತ್ತು. ಕಪ್ಪು ಮೈ, ಎದೆಯಲ್ಲೂ ಪಕ್ಕೆಯಲ್ಲೂ ಬಿಳಿ ಮಚ್ಚೆ, ಎರಡು ಕಣ್ಣುಗಳ ಮೇಲೆ ಒಂದೊಂದು ಕಂದು ಬೊಟ್ಟು. ತೋಟದ ಕೆಲಸಕ್ಕೆ ಬರುತ್ತಿದ್ದ ಮಲಯಾಳ ಮಾತಿನವರು ಅದನ್ನು ಪಾಂಡನ್ ಎನ್ನುತ್ತಿದ್ದರು. ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದ ನನ್ನ ಅಜ್ಜ ಶಬಲ ಎಂದು ಕರೆಯುತ್ತಿದ್ದರು. ನಾಯಿ ಎರಡಕ್ಕೂ ಓಗೊಡುತ್ತಿತ್ತು. ಎರಡೂ ಹೆಸರು ಮಚ್ಚೆಯನ್ನೇ ಹೇಳುತ್ತವೆಂಬುದು ನನಗೆ ಹೊಳೆದದ್ದು ಬಹಳ ತಡವಾಗಿ.

ಅಜ್ಜನ ಹೆಸರಿಗೆ ವೇದದ ಆಧಾರವಿತ್ತು. ಋಗ್ವೇದದ ಹತ್ತನೆಯ ಮಂಡಲದಲ್ಲಿ, ಸತ್ತವರ ದಾರಿಯನ್ನು ಕಾಯುವ ಯಮನ ಎರಡು ನಾಯಿಗಳನ್ನು ನಾಲ್ಕು ಕಣ್ಣಿನವು, ಶಬಲ ಬಣ್ಣದವು ಎಂದು ಹೇಳಿದೆ. ಆ ನಾಲ್ಕು ಕಣ್ಣುಗಳೆಂದರೆ ಹುಬ್ಬಿನ ಎಡೆಯಲ್ಲಿ ಕಾಣುವ ಎರಡು ಬೊಟ್ಟುಗಳೂ ಸೇರಿದ ಲೆಕ್ಕವೆಂದು ಅರ್ಥೈಸುವವರಿದ್ದಾರೆ. ನಮ್ಮ ನಾಯಿಯ ಮುಖವನ್ನು ನೋಡಿದ್ದ ನನಗೆ ಆ ಅರ್ಥವೇ ಸರಿಯೆನಿಸುತ್ತದೆ. ಆದರೆ ವಾಲ್ಮೀಕಿ ರಾಮಾಯಣದ ಬಾಲಕಾಂಡದಲ್ಲಿ ವಿಶ್ವಾಮಿತ್ರನು ಬಯಸಿದ, ವಸಿಷ್ಠರು ಕೊಡಲೊಪ್ಪದ ಕಾಮಧೇನುವಿನ ಹೆಸರೂ ಶಬಲೆಯೇ. ಹೀಗೆ ಒಂದೇ ಮಾತು ಯಮನ ಬಾಗಿಲಿನ ನಾಯಿಗೂ ಋಷಿಯ ಆಶ್ರಮದ ಹಸುವಿಗೂ ಸಲ್ಲುತ್ತದೆ.

ಹಲವು ಬಣ್ಣ ಕೂಡಿದ ಮೈಗೆ ಅಮರಕೋಶವು ಚಿತ್ರ, ಕಿರ್ಮೀರ, ಕಲ್ಮಾಷ, ಶಬಲ, ಏತ, ಕರ್ಬುರ ಎಂಬ ಆರು ಮಾತುಗಳನ್ನು ಒಂದೇ ಸಾಲಿನಲ್ಲಿ ಕೊಡುತ್ತದೆ. ಯಕ್ಷಗಾನದ ಕೇಳುಗರಿಗೆ ಇವುಗಳಲ್ಲಿ ಒಂದೆರಡು ಹಳೆಯ ಪರಿಚಯದವು. ಕಾಮ್ಯಕವನದಲ್ಲಿ ಭೀಮನ ಕೈಯಲ್ಲಿ ಸತ್ತ ರಾಕ್ಷಸನ ಹೆಸರು ಕಿರ್ಮೀರ. ಕರ್ಬುರ ಎಂಬುದನ್ನು ಅದೇ ಕೋಶವು ರಾಕ್ಷಸನೆಂಬ ಅರ್ಥದಲ್ಲಿಯೂ, ಬೇರೊಂದು ಕಡೆ ಚಿನ್ನವೆಂಬ ಅರ್ಥದಲ್ಲಿಯೂ ಹೇಳುತ್ತದೆ. ಹಿಂದಿಯವರ ‘ಚಿತಕಬರಾ’ ಎಂಬ ಮಾತಿನಲ್ಲಿ ಚಿತ್ರವೂ ಕರ್ಬುರವೂ ಬೆನ್ನಿಗೆ ಬೆನ್ನು ತಾಗಿಸಿ ನಿಂತಿವೆ. ಘಟ್ಟದ ಮೇಲಿನ ಕನ್ನಡಿಗರು ಕಪ್ಪು ಬಿಳುಪಿನ ದನವನ್ನು ಹಂಡಬಂಡ ಎನ್ನುವಾಗಲೂ ಕಿವಿಗೆ ಅಂಥದೇ ಜೋಡಿ ಕೇಳಿಸುತ್ತದೆ.

ಇಂಥ ಮಾತುಗಳಲ್ಲಿ ಹಲವು ಹುಟ್ಟಿನಿಂದ ಬಣ್ಣದ ಹೆಸರುಗಳೇ ಅಲ್ಲ, ಮಚ್ಚೆಯನ್ನು ಕಂಡವನಿಗೆ ನೆನಪಾದ ಬೇರೊಂದು ವಸ್ತುವಿನ ಹೆಸರುಗಳು. ಪೃಷತ್ ಎಂದರೆ ಹನಿ. ಮೈಮೇಲೆ ಹನಿ ಸಿಡಿದಂತೆ ಕಾಣುವ ಚುಕ್ಕೆ ಜಿಂಕೆ ಪೃಷತವಾಯಿತು. ದ್ರುಪದನ ತಂದೆಯ ಹೆಸರೂ ಪೃಷತ, ಆದ್ದರಿಂದಲೇ ಧೃಷ್ಟದ್ಯುಮ್ನನು ಪಾರ್ಷತ. ಎಲ್ಲಕ್ಕಿಂತ ಸೊಗಸಾದದ್ದು ದ್ವೀಪಿ ಎಂಬ ಮಾತು. ಎರಡು ಕಡೆ ನೀರುಳ್ಳ ನೆಲ ದ್ವೀಪ. ಹೊಂಬಣ್ಣದ ನೀರಿನಲ್ಲಿ ಕಪ್ಪು ನಡುಗಡ್ಡೆಗಳು ಎದ್ದಂತೆ ತೊಗಲುಳ್ಳ ಚಿರತೆಯು ದ್ವೀಪಿ, ದ್ವೀಪಗಳನ್ನು ಹೊತ್ತು ತಿರುಗುವ ಪ್ರಾಣಿ. ಇಂಗ್ಲಿಷರಿಗೆ ನೆನಪಾದದ್ದು ಹಕ್ಕಿ. ಅವರ ನಾಡಿನ ಕಪ್ಪು ಬಿಳಿ ಮ್ಯಾಗ್‌ಪೈ ಹಕ್ಕಿಯ ಹಳೆಯ ಹೆಸರು ಬರಿಯ ಪೈ. ಅಂಥ ಮೈಯ ಕುದುರೆ ಪೈಬಾಲ್ಡ್ ಆಯಿತು. ಅಲ್ಲಿ ಬಾಲ್ಡ್ ಎಂದರೆ ಬೋಳು ತಲೆಯಲ್ಲ, ಬಿಳಿಯ ಮಚ್ಚೆ. ನಮ್ಮವರು ಅದೇ ಎರಡು ಬಣ್ಣದ ಬೇರೊಂದು ಹಕ್ಕಿಯನ್ನು ಮಡಿವಾಳ ಹಕ್ಕಿ ಎಂದು ಕರೆದರೇ ಹೊರತು ಅದರ ಹೆಸರನ್ನು ದನಕರುಗಳಿಗೆ ಇಡಲಿಲ್ಲ.

ಇನ್ನು ನಮ್ಮ ಗಡಿನಾಡಿನ ಮಾತುಗಳು. ಮಂಗಳೂರಿನ ಬಾಸೆಲ್ ಮಿಶನ್ನಿನವರು 1872ರಲ್ಲಿ ಗುಂಡರ್ಟರ ಮಲಯಾಳ ನಿಘಂಟನ್ನೂ 1886ರಲ್ಲಿ ಮ್ಯಾನರರ ತುಳು ನಿಘಂಟನ್ನೂ 1894ರಲ್ಲಿ ಕಿಟ್ಟೆಲರ ಕನ್ನಡ ನಿಘಂಟನ್ನೂ ಹೊರತಂದರು. ಕಾಸರಗೋಡಿನ ಒಂದು ಹಟ್ಟಿಯ ಮಾತನ್ನು ತಿಳಿಯಲು ಆ ಮೂರೂ ಬೇಕಾಗುತ್ತವೆ. ಮಲಯಾಳದಲ್ಲಿ ಚಿರತೆ ಪುಳ್ಳಿಪ್ಪುಲಿ, ಜಿಂಕೆ ಪುಳ್ಳಿಮಾನ್. ಪುಳ್ಳಿ ಎಂದರೆ ಚುಕ್ಕೆ, ತಮಿಳು ವ್ಯಾಕರಣದಲ್ಲಿ ವ್ಯಂಜನದ ತಲೆಯ ಮೇಲೆ ಇಡುವ ಬೊಟ್ಟಿಗೂ ಅದೇ ಹೆಸರು. ತುಳುವಿನಲ್ಲಿ ಹುಲಿವೇಷಕ್ಕೆ ಬಣ್ಣ ಬಳಿಯುವವರು ಪಟ್ಟೆ ಪಿಲಿ, ಚಿಟ್ಟೆ ಪಿಲಿ ಎಂದು ಬೇರ್ಪಡಿಸುತ್ತಾರೆ. ಗೆರೆಯದು ಹುಲಿ, ಚುಕ್ಕೆಯದು ಚಿರತೆ. ಪಾಂಡನ್ ಎಂಬ ಹೆಸರಿನ ಒಳಗಿರುವುದು ಪಾಂಡು. ಸಂಸ್ಕೃತದಲ್ಲಿ ಅದು ಬಿಳಿಚಿದ ಬಣ್ಣ. ಕನ್ನಡದಲ್ಲಿ ಪಾಂಡುರೋಗವೆಂದರೆ ರಕ್ತ ಕಡಮೆಯಾಗಿ ಇಡೀ ಮೈ ಬಿಳಿಚುವುದು. ಮಲಯಾಳದ ಪಾಂಡ್ ಚರ್ಮದ ಬಿಳಿ ಕಲೆ, ನಮ್ಮ ತೊನ್ನು. ಒಬ್ಬರಿಗೆ ಇಡೀ ಮೈಯ ಬಣ್ಣವಾದದ್ದು ನೆರೆಯವರಿಗೆ ಮಚ್ಚೆಯಾಗಿದೆ. ಇಲ್ಲಿ ವೈದ್ಯರ ಮುಂದೆ ಈ ಮಾತನ್ನು ಆಡುವಾಗ ಸ್ವಲ್ಪ ಎಚ್ಚರವಿರಬೇಕು!

ಕೊನೆಗೆ ಕುದುರೆಯ ಮಾತು. ನಾಲ್ಕು ಪಾದಗಳೂ ಮುಖವೂ ಬಿಳಿಯಾಗಿರುವ ಕುದುರೆ ಪಂಚಕಲ್ಯಾಣಿ, ಶುಭಲಕ್ಷಣದ ಕುದುರೆ. ಬಿಳುಪು ಆ ಐದು ಕಡೆಗಳಲ್ಲಿಯೇ ಬರುವುದಕ್ಕೆ ಕಾರಣವುಂಟು. ಬಣ್ಣ ಕೊಡುವ ಜೀವಕೋಶಗಳು ಭ್ರೂಣದ ಬೆನ್ನಿನ ಗೆರೆಯಲ್ಲಿ ಹುಟ್ಟಿ ಅಲ್ಲಿಂದ ಮೈಯೆಲ್ಲ ಹರಡುತ್ತವೆ; ಪಾದದ ತುದಿಯೂ ಹಣೆಯ ನಡುವೂ ಹೊಟ್ಟೆಯ ಅಡಿಯೂ ಅವುಗಳಿಗೆ ತೀರ ದೂರದ ಊರುಗಳು. ಅವು ತಲುಪದೆ ಹೋದ ಕಡೆ ಕೂದಲು ಬಿಳಿಯಾಗಿಯೇ ಉಳಿಯುತ್ತದೆ. ನಮ್ಮ ನಾಯಿಯ ಎದೆಯ ಬಿಳುಪೂ ಹಾಗೆ ಬಂದದ್ದೇ.

ನಮಸ್ಕಾರ.